‘ಅಂಥ ಫೈಲೇ ಇಲ್ಲ’ ಅಂದಾಗ: ಹೆಡರ್ ಹುಡುಕುವ ದಾರಿಗಳನ್ನು ಒಂದೊಂದಾಗಿ ನಡೆದು ನೋಡಿದ್ದು

ಜುಲೈನಲ್ಲಿ ರಜೆ ಹಾಕಿ ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಮನೆಗೆ ಹೋದವನು ಮೂರು ದಿನ ಹೆಡರ್ ಫೈಲ್ (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರಿಗೆ ಹೇಳುವ .ಎಚ್ ಫೈಲ್) ಹುಡುಕುತ್ತ ಕೂತೆ. ಕೆಲಸ ಸಣ್ಣದೇ. ಕೊನೆಕೊಯ್ಲು ಶುರುವಾದರೆ ಅಕ್ಕಪಕ್ಕದ ನಾಲ್ಕಾರು ಮನೆಯ ಹಸಿ ಅಡಿಕೆ ಚಿಕ್ಕಪ್ಪನ ಅಂಗಳಕ್ಕೇ ಬರುತ್ತದೆ, ತೂಕ ಬರೆದು ಚೀಟಿ ಕೊಡಬೇಕು. ಅದಕ್ಕೊಂದು ಥರ್ಮಲ್ ಪ್ರಿಂಟರ್ ತಂದಿದ್ದರು, 58 ಮಿ.ಮೀ. ಕಾಗದದ್ದು. ಅದಕ್ಕೆ ಕನ್ನಡ ಬರುವುದಿಲ್ಲ. ಹಾಗಾಗಿ ಅಕ್ಷರ ಜೋಡಿಸುವ ಪ್ಯಾಂಗೋ, ಚಿತ್ರ ಬಿಡಿಸುವ ಕೈರೋ ಲೈಬ್ರರಿಗಳನ್ನು ಬಳಸಿ ಹೆಸರು, ತೂಕವನ್ನೆಲ್ಲ 384 ಚುಕ್ಕಿ ಅಗಲದ ಚಿತ್ರವಾಗಿ ಬಿಡಿಸಿ ಕಳಿಸುವ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಬರೆದಿದ್ದೆ. ಬೆಂಗಳೂರಿನ ನನ್ನ ಲ್ಯಾಪ್‌ಟಾಪಿನಲ್ಲಿ ಸರಾಗ ಓಡುತ್ತಿತ್ತು. ಕಂಪೈಲ್ ಮಾಡುವ ಆದೇಶಗಳನ್ನು ಬರೆದಿಟ್ಟ ಮೇಕ್‌ಫೈಲನ್ನು ಅಲ್ಲೇ ಬಿಟ್ಟು ಸಿ ಫೈಲೊಂದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದದ್ದು ನನ್ನದೇ ಘನಕಾರ್ಯ.

ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿ ಉಬುಂಟು 24.04 ಲಿನಕ್ಸ್. ಸಿ ಕಂಪೈಲರ್ ಆದ ಜಿಸಿಸಿ ಕೊಟ್ಟ ಕೂಡಲೇ ಉತ್ತರ: ಫೇಟಲ್ ಎರರ್, ಪ್ಯಾಂಗೋ/ಪ್ಯಾಂಗೋಕೈರೋ.ಎಚ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದೆ. ಆ ಸಾಲನ್ನು ಗೂಗಲ್ಲಿಗೆ ಅಂಟಿಸಿ, ಮೊದಲು ಸಿಕ್ಕ ಉತ್ತರದಂತೆ ಪ್ಯಾಂಗೋ-ಡೆವೆಲ್ ಹಾಕಲು ಹೊರಟೆ. ಅಂಥ ಪ್ಯಾಕೇಜೇ ಇಲ್ಲ ಎಂದಿತು ಆಪ್ಟ್, ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿಕೊಡುವ ಸಾಧನ. ಡೆವೆಲ್ ಎನ್ನುವುದು ಫೆಡೋರಾ ಎಂಬ ಇನ್ನೊಂದು ಲಿನಕ್ಸಿನ ಕಡೆಯ ಬಾಲ, ಡೆಬಿಯನ್ ಮತ್ತು ಉಬುಂಟುವಿನಲ್ಲಿ ಅದು ಡೆವ್. ಆರ್ಚ್‌ನವರಿಗೆ ಈ ಗೋಳೇ ಇಲ್ಲ, ಅಲ್ಲಿ ಲೈಬ್ರರಿಯ ಜೊತೆಗೇ ಹೆಡರ್ ಬರುತ್ತದೆ. ಉಬುಂಟು ಇವನ್ನು ಬೇರೆ ಮಾಡಿಟ್ಟಿದೆ: ಓಡಿಸುವವರಿಗೆ ಲೈಬ್ರರಿ ಮಾತ್ರ, ಕಂಪೈಲ್ ಮಾಡುವವರಿಗೆ ಡೆವ್ ಪ್ಯಾಕೇಜ್ ಹೆಚ್ಚುವರಿ. ‘ಪ್ಯಾಂಗೋ ಆಗಲೇ ಇದೆಯಲ್ಲ, ಮತ್ತೇನು ಕೇಳುತ್ತೆ ಇದು’ ಎಂದು ತಲೆ ಕೆರೆದುಕೊಳ್ಳುವವರು ಎಡವುವುದು ಇಲ್ಲಿಯೇ. ಹೆಸರಿನ ಬಾಲ ಬದಲಿಸಿ ಊಹಿಸುವ ಆಟ ಕೆಲವೊಮ್ಮೆ ಗೆಲ್ಲುತ್ತದೆ. ಆದರೆ ನಮಗೆ ಬೇಕಾದ್ದರ ಹೆಸರು ಲಿಬ್‌ಪ್ಯಾಂಗೋ1.0-ಡೆವ್. ನಡುವಿನ 1.0 ಯಾರಿಗೆ ಹೊಳೆಯಬೇಕು?

ಆಪ್ಟ್-ಫೈಲ್ ಎಂಬ ಹುಡುಕುವ ಸಾಧನಕ್ಕೆ ಊಹೆಯ ಅಗತ್ಯವಿಲ್ಲ. ಡಿಪಿಕೆಜಿ -ಎಸ್ (ಕ್ಯಾಪಿಟಲ್ ಎಸ್) ಎಂಬ ಆದೇಶ ಈಗಾಗಲೇ ಹಾಕಿಕೊಂಡ ಪ್ಯಾಕೇಜುಗಳಲ್ಲಿ ಮಾತ್ರ ಹುಡುಕುತ್ತದೆ. ಇಲ್ಲದ ಫೈಲ್ ಹುಡುಕುವವನಿಗೆ ಅದರಿಂದೇನು? ಆಪ್ಟ್-ಫೈಲ್ ಹಾಗಲ್ಲ, ಉಬುಂಟುವಿನ ಭಂಡಾರದಲ್ಲಿರುವ ಎಲ್ಲ ಪ್ಯಾಕೇಜುಗಳ ಫೈಲ್ ಪಟ್ಟಿಯನ್ನೇ ತಂದಿಟ್ಟುಕೊಳ್ಳುತ್ತದೆ. ಆಪ್ಟ್-ಫೈಲ್ ಸರ್ಚ್ ಪ್ಯಾಂಗೋಕೈರೋ.ಎಚ್ ಎಂದರೆ ಪ್ಯಾಕೇಜಿನ ಸರಿಯಾದ ಹೆಸರು ಎದುರಿಗೆ. ಎರಡು ತಕರಾರು ಮಾತ್ರ. ಆ ಪಟ್ಟಿ ಹತ್ತಾರು ಎಂಬಿಯದ್ದು, ಹಾಕಿಕೊಂಡ ಮೇಲೆ ಪ್ರತಿ ಆಪ್ಟ್ ಅಪ್‌ಡೇಟಿನ ಜೊತೆಗೂ ಅದು ಹೊಸದಾಗಬೇಕು. ಚಿಕ್ಕಪ್ಪನ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೊಂದು ಹಾಳೆಟೋಪಿ ಮುಚ್ಚಿ, ಹಾಟ್‌ಸ್ಪಾಟ್ ಹಾಕಿಟ್ಟು ಬಂದಿದ್ದೆ. ಪಟ್ಟಿ ಇಳಿಯುವಷ್ಟರಲ್ಲಿ ಎರಡು ಸಲ ಕರೆಂಟ್ ಹೋಯಿತು. ಇನ್ನೊಂದು ತಕರಾರು, ಹೆಸರು ಚಿಕ್ಕದಾದರೆ ಕಸವೂ ಬರುತ್ತದೆ. ಎಚ್‌ಬಿ.ಎಚ್ ಎಂದು ಕೇಳಿದರೆ ಹೆಸರಿನಲ್ಲೆಲ್ಲಾದರೂ ಆ ಅಕ್ಷರಗಳಿರುವ ಎಲ್ಲ ಫೈಲುಗಳೂ ಬಂದು ಕೂರುತ್ತವೆ. ಮುಂದೊಂದು ಓರೆಗೆರೆ ಹಾಕಿ /ಎಚ್‌ಬಿ.ಎಚ್ ಎಂದು ಕೇಳಿದರೆ ಪಟ್ಟಿ ಚೊಕ್ಕವಾಗುತ್ತದೆ.

ಇಷ್ಟಾದ ಮೇಲೆ ಲಿಬ್‌ಪ್ಯಾಂಗೋ1.0-ಡೆವ್ ಹಾಕಿದೆ, ಮತ್ತೆ ಜಿಸಿಸಿ ಕೊಟ್ಟೆ. ಅದೇ ಎರರ್! ಒಂದಕ್ಷರ ಆಚೀಚೆ ಇಲ್ಲ.

ಅಷ್ಟು ಹೊತ್ತಿಗೆ ಚಿಕ್ಕಪ್ಪ ಕೊಳೆರೋಗದ ಔಷಧಿ ಹೊಡೆಯಲು ಬಂದವರನ್ನು ತೋಟಕ್ಕೆ ಕಳಿಸಿ ಒಳಗೆ ಬಂದರು.

“ಎಂತ ಮಾರಾಯ, ಬೆಳಗ್ಗಿಂದ ಅದ್ನೇ ನೋಡ್ತಿದೀಯಲ, ಇನ್ನೂ ಆಗ್ಲಿಲ್ವಾ?”

“ಒಂದು ಫೈಲ್ ಸಿಕ್ತಿಲ್ಲ ಚಿಕ್ಕಪ್ಪ.”

“ನಿನ್ನ ಎದುರಿಗಿರೋ ಪೆಟ್ಟಿಗೆಲೇ ಇರದಲ್ವನಾ? ಇದ್ಯೋ ಇಲ್ವೋ ಅದನ್ನಾದ್ರೂ ನೋಡಿದ್ಯಾ?”

ನೋಡಿರಲಿಲ್ಲ. ಫೈಂಡ್ ಕೊಟ್ಟು /ಯುಎಸ್‌ಆರ್ ಒಳಗೆ ಹುಡುಕಿದರೆ ಫೈಲ್ ಆರಾಮವಾಗಿ ಕೂತಿದೆ, /ಯುಎಸ್‌ಆರ್/ಇನ್‌ಕ್ಲೂಡ್/ಪ್ಯಾಂಗೋ-1.0/ಪ್ಯಾಂಗೋ ಒಳಗೆ. ಆ ನಡುವಿನ ‘ಪ್ಯಾಂಗೋ-1.0’ ಎಂಬ ಡೈರೆಕ್ಟರಿಯನ್ನು ಜಿಸಿಸಿ ತಾನಾಗಿ ನೋಡುವುದಿಲ್ಲ. ಸಿ ಫೈಲಿನ ಹೆಸರಿನ ಜೊತೆ ಜಿಸಿಸಿ -ಇ -ವಿ ಕೊಟ್ಟರೆ ಅದು ಎಲ್ಲೆಲ್ಲಿ ಹುಡುಕುತ್ತದೆ ಎಂದು ಹೇಳುತ್ತದೆ. ಉಬುಂಟುವಿನಲ್ಲಿ ನಾಲ್ಕೇ ಜಾಗ: ಜಿಸಿಸಿಯದೇ ಇನ್‌ಕ್ಲೂಡ್, /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್, /ಯುಎಸ್‌ಆರ್/ಇನ್‌ಕ್ಲೂಡ್ ಮತ್ತು ಅದರೊಳಗೆ ಪ್ರೊಸೆಸರಿನ ಹೆಸರಿನದೊಂದು. ಫೈಲ್ ಇಲ್ಲದಿದ್ದರೂ ಇದೇ ಮಾತು, ಇದ್ದು ಕಾಣದಿದ್ದರೂ ಇದೇ ಮಾತು. ಬೆಳಗ್ಗೆ ಬಂದದ್ದು ಮೊದಲನೆಯ ಬಗೆಯದು, ಈಗಿನದು ಎರಡನೆಯದು. ಎರಡನೆಯದಕ್ಕೆ ಆಪ್ಟ್-ಫೈಲ್ ಆಗಲಿ ಗೂಗಲ್ ಆಗಲಿ ಉಪಯೋಗಕ್ಕಿಲ್ಲ, ಇನ್ನೆಷ್ಟು ಪ್ಯಾಕೇಜ್ ಹಾಕಿದರೂ ನೀರಲ್ಲಿ ಹೋಮ.

ದಾರಿ ತೋರಿಸಲು -ಐ ಇದೆ. (ಕ್ಯಾಪಿಟಲ್ ಐ. ಲೈಬ್ರರಿ ಜೋಡಿಸುವುದು ಸ್ಮಾಲ್ ಎಲ್. ಕೆಲವು ಟರ್ಮಿನಲ್ ಫಾಂಟುಗಳಲ್ಲಿ ಎರಡೂ ಒಂದೇ ಕಡ್ಡಿ, ಅದರಿಂದಲೇ ಅರ್ಧ ಗಂಟೆ ಹೋಯಿತು.) ಪ್ಯಾಂಗೋ-1.0 ತೋರಿಸಿದೆ. ಈಗ ಪ್ಯಾಂಗೋ ನೆಚ್ಚಿಕೊಂಡ ಗ್ಲಿಬ್ ಎಂಬ ಲೈಬ್ರರಿಯ ಹೆಡರ್ ಇಲ್ಲ ಎಂದಿತು. ಗ್ಲಿಬ್-2.0 ತೋರಿಸಿದೆ. ಗ್ಲಿಬ್‌ಕಾನ್ಫಿಗ್.ಎಚ್ ಇಲ್ಲವಂತೆ. ಇದೊಂದು ತಮಾಷೆಯ ಫೈಲ್. ಹೆಡರ್ ಆದರೂ ಇನ್‌ಕ್ಲೂಡಿನಲ್ಲಿಲ್ಲ, /ಯುಎಸ್‌ಆರ್/ಲಿಬ್ ಒಳಗೆ ಪ್ರೊಸೆಸರಿನ ಹೆಸರಿನ ಡೈರೆಕ್ಟರಿ, ಅದರೊಳಗೆ ಗ್ಲಿಬ್-2.0, ಅದರೊಳಗೆ ಇನ್‌ಕ್ಲೂಡ್, ಅಲ್ಲಿದೆ. ಲಾಂಗ್ ಎಷ್ಟು ಬೈಟ್, ಪಾಯಿಂಟರ್ ಎಷ್ಟು ಬೈಟ್ ಎಂದು ಬರೆದ ಫೈಲ್ ಅದು. ಪ್ರೊಸೆಸರ್ ಬದಲಾದರೆ ಒಳಗಿರುವುದೂ ಬದಲಾಗಬೇಕು, ಹಾಗಾಗಿ ಎಲ್ಲರ ಜೊತೆ ಇಡಲಾಗದೆ ಬೇರೆ ಇಟ್ಟಿದ್ದಾರೆ. ಅದನ್ನೂ ತೋರಿಸಿದರೆ ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿಯ ಎಚ್‌ಬಿ.ಎಚ್, ಅದಾದ ಮೇಲೆ ಕೈರೋ.ಎಚ್. ಫೇಟಲ್ ಎರರ್ ಆದ್ದರಿಂದ ಮೊದಲನೆಯದಕ್ಕೇ ನಿಂತುಬಿಡುತ್ತದೆ, ಒಂದು ಸಲಕ್ಕೆ ಒಂದೇ ಹೇಳುತ್ತದೆ. ಬಾವಿಗೆ ಬಿದ್ದ ಕೊಡ ಎತ್ತಲು ಹಗ್ಗಕ್ಕೆ ಹಗ್ಗ ಗಂಟು ಹಾಕುತ್ತ ಹೋದ ಹಾಗೆ.

ಇದೇ ಕೆಲಸಕ್ಕೆ ಪಿಕೆಜಿ-ಕಾನ್ಫಿಗ್ ಬಳಸಿದೆ. ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ ಪ್ಯಾಂಗೋಕೈರೋ. ಹತ್ತರ ಆಸುಪಾಸು ದಾರಿಗಳನ್ನು ಒಂದೇ ಉಸಿರಿಗೆ ಹೇಳಿತು, ಗ್ಲಿಬ್‌ಕಾನ್ಫಿಗ್ ಅಡಗಿದ ಮೂಲೆಯೂ ಸೇರಿ. ಡೆವ್ ಪ್ಯಾಕೇಜಿನ ಜೊತೆ ಬರುವ .ಪಿಸಿ ಫೈಲಿನಲ್ಲಿ ಇದೆಲ್ಲ ಬರೆದಿರುತ್ತದೆ, ಅವಲಂಬನೆಗಳ ಬೆನ್ನು ಹತ್ತುವ ಕೆಲಸ ಅದರದ್ದೇ. ಒಂದು ಎಚ್ಚರ: --ಲಿಬ್ಸ್ ಕೊಡುವ ಭಾಗವನ್ನು ಸಿ ಫೈಲಿನ ಹೆಸರಿನ ನಂತರ ಬರೆಯಬೇಕು. ಮೊದಲೇ ಬರೆದರೆ ಲೈಬ್ರರಿ ಜೋಡಿಸುವ ಉಬುಂಟುವಿನ ಲಿಂಕರ್ ‘ಇದು ಯಾರಿಗೂ ಬೇಡ’ ಎಂದು ಕೈಬಿಟ್ಟು, ಆಮೇಲೆ ಅನ್‌ಡಿಫೈನ್ಡ್ ರೆಫರೆನ್ಸ್ ಎಂದು ಬೊಬ್ಬೆ ಹಾಕುತ್ತದೆ. ಕೈಯಿಂದ -ಐ ಹಾಕುವುದು ಕಲಿಯುವುದಕ್ಕೆ ಒಳ್ಳೆಯದು. ಉಳಿಸಿಕೊಳ್ಳುವ ಮೇಕ್‌ಫೈಲಿಗೆ ನನ್ನ ಮತ ಪಿಕೆಜಿ-ಕಾನ್ಫಿಗ್‌ಗೇ. ಸಿಪಾತ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ಲಿನಲ್ಲಿ ದಾರಿ ಬರೆದಿಡುವುದನ್ನೂ ನೋಡಿದೆ. ಕೆಲಸ ಮಾಡುತ್ತದೆ, ಆದರೆ ಆ ಲ್ಯಾಪ್‌ಟಾಪಿನ ಎಲ್ಲ ಕಂಪೈಲಿಗೂ ಅಂಟಿಕೊಂಡು, ಮುಂದಿನ ವರ್ಷ ನನಗೇ ಮರೆತುಹೋಗುತ್ತದೆ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದಿದ್ದೆ, ಹೇಳದೆ ಬಿಟ್ಟರೆ ತಪ್ಪಾದೀತು. ಪಟ್ಟಿ ಇಳಿಯುವುದನ್ನು ಕಾಯಲಾರದೆ ಸ್ನೇಹಿತನೊಬ್ಬನ 22.04 ಲ್ಯಾಪ್‌ಟಾಪಿನಿಂದ ಹೆಡರುಗಳನ್ನು ಹಾಗೇ ಕಾಪಿ ಹೊಡೆದುಕೊಂಡು ಬಂದಿದ್ದೆ. ಕಂಪೈಲ್ ಆಯಿತು. ಲಿಂಕ್ ಆಗುವಾಗ -ಎಲ್‌ಪ್ಯಾಂಗೋ-1.0 ಸಿಗಲಿಲ್ಲ ಎಂದು ನಿಂತಿತು. ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿದ್ದದ್ದು ಕೊನೆಗೆ .ಎಸ್ಒ.0 ಎಂದಿರುವ ಲೈಬ್ರರಿ. ಬರೀ .ಎಸ್ಒ ಎಂಬ ಕೊಂಡಿಯೂ ಡೆವ್ ಪ್ಯಾಕೇಜಿನದೇ ಸ್ವತ್ತು. ಆ ಕೊಂಡಿಯನ್ನೂ ನಾನೇ ಮಾಡಿಬಿಡಬಹುದಿತ್ತು. ಆದರೆ ಹೆಡರ್ ಒಂದು ಆವೃತ್ತಿಯದು, ಲೈಬ್ರರಿ ಇನ್ನೊಂದರದು ಎಂದಾದರೆ ಕಂಪೈಲ್ ಆಗಿಯೂ ಓಡುವಾಗ ಕುಸಿಯಬಹುದು. ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಆಪ್ಟ್‌ನದೇ ಆದೇಶ ಬಿಲ್ಡ್-ಡೆಪ್ ಬೇರೆಯೇ ಜಾತಿ. ಪ್ರೋಗ್ರಾಮಿನ ಹೆಸರು ಹೇಳಿದರೆ ಅದಕ್ಕೆ ಬೇಕಾದ ಡೆವ್ ಪ್ಯಾಕೇಜುಗಳನ್ನೆಲ್ಲ ಒಟ್ಟಿಗೆ ತರುತ್ತದೆ, ಹೆಡರಿನ ಹೆಸರೇ ನಮಗೆ ಬೇಡ. ಆದರೆ ಪ್ರೋಗ್ರಾಮ್ ಉಬುಂಟುವಿನ ಭಂಡಾರದಲ್ಲಿ ಇರಬೇಕು, ನನ್ನ ಅಡಿಕೆ ಚೀಟಿ ಅಲ್ಲೆಲ್ಲಿ ಬರಬೇಕು! ಹಿಂದೊಮ್ಮೆ ಕನ್ನಡ ಓಸಿಆರ್‌ಗಾಗಿ (ಚಿತ್ರದಲ್ಲಿರುವ ಅಕ್ಷರ ಓದಿಸಲು) ಟೆಸ್ಸರಾಕ್ಟ್ ಎಂಬ ಪ್ರೋಗ್ರಾಮ್ ಕಟ್ಟುವಾಗ ಇದನ್ನು ನೆಚ್ಚಿಕೊಂಡಿದ್ದೆ. ಬೇಕಾದ್ದೆಲ್ಲ ಇದೆಯೇ ಎಂದು ಮೊದಲು ನೋಡುವ ಅದರ ಕಾನ್ಫಿಗರ್, ಲೆಪ್ಟೋನಿಕಾ ಎಂಬ ಲೈಬ್ರರಿ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ, ಪ್ಯಾಂಗೋ, ಕೈರೋ, ಐಸಿಯು ಇಲ್ಲದಿದ್ದರೆ ಮಾತ್ರ ‘ಟ್ರೇನಿಂಗ್ ಟೂಲ್ಸ್ ಕಟ್ಟುವುದಿಲ್ಲ’ ಎಂದೊಂದು ಸಾಲು ಹೇಳಿ ಮುಂದೆ ಹೋಗಿಬಿಡುತ್ತದೆ. ನೂರಾರು ಸಾಲುಗಳ ನಡುವೆ ಅದನ್ನು ಯಾರು ಓದುತ್ತಾರೆ? ಎರರ್ ಕೊಟ್ಟು ನಿಲ್ಲುವ ಹೆಡರಿಗಿಂತ ಹೀಗೆ ಸದ್ದಿಲ್ಲದೆ ತಪ್ಪಿಸಿಕೊಳ್ಳುವ ಹೆಡರ್ ಹೆಚ್ಚು ಕಾಡಿಸುತ್ತದೆ. ಬಿಲ್ಡ್-ಡೆಪ್ ಮೊದಲೇ ಹಾಕಿದರೆ ಆ ಕಾಟವಿಲ್ಲ. ಬಳಸಲು ಡೆಬ್-ಎಸ್‌ಆರ್‌ಸಿ (ಮೂಲ ಕೋಡಿನ ಭಂಡಾರ) ತೆರೆಯಬೇಕು, 24.04ರಲ್ಲಿ ಅದು ಉಬುಂಟು.ಸೋರ್ಸಸ್ ಎಂಬ ಫೈಲಿನ ಟೈಪ್ಸ್ ಸಾಲಿನಲ್ಲಿ. ಬೇಕಾದ್ದರ ಜೊತೆ ಡೆಬ್‌ಹೆಲ್ಪರ್‌ನಂಥ ಬೇಡದ್ದೂ ಬರುತ್ತವೆ. ಆಮೇಲೆ ಏನೇನು ಬಂತೆಂದು ನೋಡಲು /ವಾರ್/ಲಾಗ್/ಆಪ್ಟ್ ಒಳಗಿನ ಹಿಸ್ಟರಿ.ಲಾಗ್ ಇದೆ.

ಲ್ಯಾಪ್‌ಟಾಪಿನೊಳಗೇ ಕಂಟೇನರ್ ಎಂಬ ಬೇರೆ ಪೆಟ್ಟಿಗೆ ಮಾಡಿ ಅದರಲ್ಲಿ ಕಟ್ಟುವ ಡಾಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಟೇನರಿನ ಒಳಗೂ ಉಬುಂಟುವೇ, ಅಲ್ಲೂ ಯಾವ ಡೆವ್ ಎಂದು ಹುಡುಕಬೇಕು, ಮತ್ತೆ ಇಳಿಸಿಕೊಳ್ಳಬೇಕು. ಮೇಲಿಂದ ಯುಎಸ್‌ಬಿ ಪ್ರಿಂಟರನ್ನು ಒಳಗೆ ಬಿಡುವ ಉಸಾಬರಿ ಬೇರೆ. ಲ್ಯಾಪ್‌ಟಾಪ್ ಗಲೀಜಾಗುವುದಿಲ್ಲ ಎನ್ನುವುದು ನಿಜ. ಕೊಟ್ಟಿಗೆ ಪಕ್ಕದ ಸಿಗ್ನಲಿನಲ್ಲಿ ಆ ಐಷಾರಾಮ ನನಗೆ ಬೇಡವಾಯಿತು.

ಬೆಂಗಳೂರಿಗೆ ಹೊರಡುವ ದಿನ ಫೆಡೋರಾ ಇದ್ದ ಇನ್ನೊಬ್ಬ ಗೆಳೆಯನ ಯಂತ್ರದಲ್ಲೂ ಕಟ್ಟಿ ನೋಡಿದೆ. ಅಲ್ಲಿ ಆಪ್ಟ್‌ನ ಜಾಗದಲ್ಲಿರುವ ಡಿಎನ್ಎಫ್ ಇನ್‌ಸ್ಟಾಲ್‌ಗೆ ಪ್ಯಾಕೇಜಿನ ಹೆಸರಿನ ಬದಲು ‘ಪಿಕೆಜಿಕಾನ್ಫಿಗ್(ಪ್ಯಾಂಗೋಕೈರೋ)’ ಎಂದೇ ಕೊಡಬಹುದು. ಮೇಕ್‌ಫೈಲಿನಲ್ಲಿ ಬರೆದ ಹೆಸರನ್ನೇ ಕೊಟ್ಟರೆ ಸಾಕು, ಬಾಲ ಡೆವ್ ಆದರೇನು, ಡೆವೆಲ್ ಆದರೇನು. ಉಬುಂಟುವಿನ ಆಪ್ಟ್‌ನಲ್ಲೂ ಹೀಗಿದ್ದಿದ್ದರೆ ಆ ಹಾಳೆಟೋಪಿ ಚಿಕ್ಕಪ್ಪನ ತಲೆಯ ಮೇಲೇ ಇರುತ್ತಿತ್ತು.

ಚಿಕ್ಕಪ್ಪನ ಮನೆಯ ಮೇಕ್‌ಫೈಲ್ ಈಗ ಆರು ಸಾಲಿನದು. ಮೊದಲ ಸಾಲು ಕಾಮೆಂಟ್, ಲಿಬ್‌ಪ್ಯಾಂಗೋ1.0-ಡೆವ್ ಹಾಕಿಕೊಳ್ಳಿ ಎಂದು. ಪರೀಕ್ಷೆಗೆ ‘ಬೆಟ್ಟೆ’, ‘ಗೊರಬಲು’ ಎಂದು ಅಡಿಕೆಯ ಬಗೆಗಳ ಹೆಸರು ಹಾಕಿ ಒಂದು ಚೀಟಿ ತೆಗೆದೆ. ಟ ಒತ್ತು ಸರಿಯಾಗಿ ಕೆಳಗೆ ಕೂತಿತ್ತು. ಚಿಕ್ಕಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ತೂಕದ ಅಕ್ಷರ ಇನ್ನೂ ದಪ್ಪ ಮಾಡು, ರಾತ್ರಿ ಹೊತ್ತು ಓದ್ಬೇಕಲ” ಎಂದರು.