ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದರೆ: ಪ್ಲಗ್, ಸ್ಕ್ಯಾನರ್, ಎಮಿಷನ್ ಟೆಸ್ಟ್ ಹೋಲಿಕೆ
ಸೈಲೆನ್ಸರ್ ಬಾಯಲ್ಲಿ ಕಪ್ಪು ಮಸಿ, ಸ್ಟಾರ್ಟ್ ಮಾಡಿದಾಗ ಮೂಗಿಗೆ ಹೊಡೆಯುವ ಪೆಟ್ರೋಲ್ ವಾಸನೆ, ಇಳಿದ ಮೈಲೇಜ್. ಇಷ್ಟು ಕಂಡರೆ ಮಿಕ್ಸ್ಚರ್ ರಿಚ್ ಆಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿಯಾಗಿದೆ ಎಂದು ಯಾರಾದರೂ ಹೇಳಬಹುದು. ಯಾಕೆ ಆಗಿದೆ ಎನ್ನುವುದೇ ಕಷ್ಟದ ಪ್ರಶ್ನೆ. ಅದನ್ನು ಪತ್ತೆ ಹಚ್ಚಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು, ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕುವುದು, ಎಮಿಷನ್ ಟೆಸ್ಟ್ ಮಾಡಿಸುವುದು ಎಂಬ ಮೂರು ದಾರಿಗಳಿವೆ. ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಇರುವ) ಕಾರುಗಳಲ್ಲಿ ಮೂರನ್ನೂ ಮಾಡಿ ನೋಡಿದ ಮೇಲೆ ನಮ್ಮ ಆಯ್ಕೆ ಮೊದಲು ಸ್ಕ್ಯಾನರ್, ಆಮೇಲೆ ಪ್ಲಗ್.

ಸ್ಕ್ಯಾನರ್‌ನಲ್ಲಿ ನೋಡಬೇಕಾದ್ದು ಬರೀ ಕೋಡ್ ಅಲ್ಲ. ಪಿ0172 ಎಂಬ ದೋಷದ ಕೋಡ್ ಬಂದರೆ ರಿಚ್ ಎಂದಷ್ಟೇ ಗೊತ್ತಾಗುತ್ತದೆ. ಅನೇಕರು ಅಷ್ಟಕ್ಕೇ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿಬಿಡುತ್ತಾರೆ. ಹೆಚ್ಚಿನ ಸಲ ಆ ಸೆನ್ಸರ್ ಇರುವ ವಿಷಯವನ್ನೇ ಸರಿಯಾಗಿ ಹೇಳುತ್ತಿರುತ್ತದೆ, ದುಡ್ಡು ದಂಡ. ನಿಜವಾದ ಸುಳಿವು ಇರುವುದು ಫ್ಯೂಯಲ್ ಟ್ರಿಮ್‌ನಲ್ಲಿ, ಅಂದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚಿಸಿದೆ ಅಥವಾ ಇಳಿಸಿದೆ ಎಂಬ ಅಂಕಿಯಲ್ಲಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಶಾರ್ಟ್ (ಆ ಕ್ಷಣದ) ಮತ್ತು ಲಾಂಗ್ ಟರ್ಮ್ (ಬಹುಕಾಲದ) ಟ್ರಿಮ್ ಎರಡನ್ನೂ ಕೂಡಿಸಿ ನೋಡಿ. ±5 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 10 ದಾಟಿದರೆ ಇಸಿಯು ಪೆಟ್ರೋಲ್ ಕಡಿತ ಮಾಡಿ ಮಾಡಿ ಸುಸ್ತಾಗಿದೆ ಎಂದರ್ಥ.

ಈ ಅಂಕಿಯನ್ನು ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ಬರೆದಿಟ್ಟುಕೊಳ್ಳಿ. ಐಡಲ್‌ನಲ್ಲಿ ಮೈನಸ್ 15 ಇದ್ದದ್ದು ರೇಸ್ ಮಾಡಿದಾಗ ಸೊನ್ನೆಯ ಹತ್ತಿರ ಬಂದರೆ, ಎಲ್ಲಿಂದಲೋ ಸ್ವಲ್ಪ ಪೆಟ್ರೋಲ್ ಸದಾ ಸೋರಿ ಒಳಗೆ ಬರುತ್ತಿದೆ. ಗಾಳಿ ಕಡಿಮೆ ಇರುವಾಗ ಆ ಸ್ವಲ್ಪವೇ ದೊಡ್ಡದಾಗುತ್ತದೆ. ತೊಟ್ಟಿಕ್ಕುವ ಇಂಜೆಕ್ಟರ್, ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟ), ಪೆಟ್ರೋಲ್ ಬೆರೆತ ಎಂಜಿನ್ ಆಯಿಲ್‌ನ ಆವಿ, ಈ ಮೂರರ ಮೇಲೆ ಅನುಮಾನ ಇಡಿ. ಪರ್ಜ್ ಹೋಸನ್ನು ಇಕ್ಕಳದಲ್ಲಿ ಬಟ್ಟೆ ಸುತ್ತಿ ಒತ್ತಿ ಹಿಡಿದಾಗ ಅರ್ಧ ನಿಮಿಷದಲ್ಲಿ ಟ್ರಿಮ್ ಸೊನ್ನೆಯ ಕಡೆಗೆ ಬಂದರೆ ದೋಷ ಆ ಕಡೆಯದೇ. ಎರಡೂ ವೇಗದಲ್ಲಿ ಒಂದೇ ಮೈನಸ್ ಇದ್ದರೆ ಫ್ಯೂಯಲ್ ಪ್ರೆಷರ್ ಹೆಚ್ಚಿದೆ, ಇಲ್ಲವೇ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಸುಳ್ಳು ಹೇಳುತ್ತಿದೆ. ಮ್ಯಾಪ್ ಪರೀಕ್ಷೆ ಸುಲಭ: ಎಂಜಿನ್ ಆಫ್, ಕೀ ಆನ್. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಎತ್ತರದಲ್ಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು ತೋರಿಸಬೇಕು. ಬೆಂಗಳೂರಿನಲ್ಲಿ 101 ತೋರಿಸಿದರೆ ಇಸಿಯು ಇಲ್ಲದ ಗಾಳಿಗೆ ಪೆಟ್ರೋಲ್ ಹಾಕುತ್ತಿದೆ.

ಕೂಲೆಂಟ್ ಉಷ್ಣತೆಯನ್ನೂ ಅಲ್ಲೇ ನೋಡಿ. ಅರ್ಧ ಗಂಟೆ ಓಡಿಸಿದರೂ 60–65 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್ (ಕೂಲೆಂಟ್ ಹರಿವನ್ನು ಹಿಡಿದು ಬಿಡುವ ಕವಾಟ) ತೆರೆದು ಕೂತಿದೆ, ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಮೈನಸ್ 40 ತೋರಿಸಿದರೆ ಸೆನ್ಸರ್ ವೈರ್ ಕಿತ್ತಿದೆ.

ಸ್ಕ್ಯಾನರ್ ಮೋಸ ಹೋಗುವ ಜಾಗವೂ ಒಂದಿದೆ. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಎಗ್ಸಾಸ್ಟ್ ಪೈಪಿನಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಲೀನ್ (ಪೆಟ್ರೋಲ್ ಕಡಿಮೆ) ಎನ್ನುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಟ್ರಿಮ್ ಪ್ಲಸ್ ಆಗುತ್ತದೆ. ಎಂಜಿನ್ ಮಾತ್ರ ರಿಚ್! ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದು) ಆದಾಗಲೂ ಇದೇ ಕಥೆ.

ಇಲ್ಲಿ ಗೆಲ್ಲುವುದು ಪ್ಲಗ್. ಟ್ರಿಮ್ ಪ್ಲಸ್, ಪ್ಲಗ್ ಕಪ್ಪು ಎಂದಾದರೆ ಪ್ಲಗ್‌ನ ಮಾತು ಕೇಳಿ ಬಿರುಕು ಹುಡುಕಿ. ಸ್ಕ್ಯಾನರ್ ನಾಲ್ಕೂ ಸಿಲಿಂಡರ್‌ಗಳ ಸರಾಸರಿ ಹೇಳಿದರೆ ಪ್ಲಗ್ ಒಂದೊಂದರ ಲೆಕ್ಕ ಕೊಡುತ್ತದೆ. ನಾಲ್ಕೂ ಒಣ ಮಸಿಯಿಂದ ಕಪ್ಪಾಗಿದ್ದರೆ ಎಲ್ಲಕ್ಕೂ ಸಂಬಂಧಿಸಿದ ದೋಷ. ಒಂದು ಮಾತ್ರ ಕಪ್ಪಾದರೆ ಆ ಸಿಲಿಂಡರಿನ ಇಂಜೆಕ್ಟರ್ ಅಥವಾ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್. ಜಿಡ್ಡಾಗಿ ಹೊಳೆದರೆ ಅದು ಆಯಿಲ್, ರಿಚ್ ಅಲ್ಲ. ನೋಡುವ ಮುನ್ನ ಹತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ನಿಲ್ಲಿಸಿದ ಕೂಡಲೇ ಆಫ್ ಮಾಡಿ. ಐಡಲ್‌ನಲ್ಲಿ ಬಿಟ್ಟರೆ ಮೇಲೊಂದು ಪದರ ಮಸಿ ಕೂತು ಓದು ಕೆಡುತ್ತದೆ. ಅಲ್ಯೂಮಿನಿಯಂ ಹೆಡ್ ಬಿಸಿ ಇರುವಾಗ ಬಿಚ್ಚಬೇಡಿ, ತ್ರೆಡ್ ಹೋಗುತ್ತದೆ. ಆರುವ ತನಕ ಕಾಯಿರಿ. ಮತ್ತೆ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ತೊಂದರೆ ಎಂದರೆ ಸಮಯ: ಒಂದು ಸಲ ನೋಡಿ ಮುಗಿಸಲು ಅರ್ಧ ದಿನ ಹಿಡಿಯುತ್ತದೆ, ಮತ್ತು ಕಾರಣ ಪರ್ಜ್ ವಾಲ್ವೋ ಮ್ಯಾಪ್ ಸೆನ್ಸರೋ ಎಂದು ಪ್ಲಗ್ ಹೇಳುವುದಿಲ್ಲ.

ಎಮಿಷನ್ ಟೆಸ್ಟ್ ಅಗ್ಗ, ಬೇಗ ಆಗುತ್ತದೆ. ಬಿಎಸ್4 (ಭಾರತದ ಹಿಂದಿನ ಹೊಗೆ ಮಾನದಂಡ) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ. ಆದರೆ ಅಳೆಯುವುದು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಮಾಡುವ ಭಾಗ) ದಾಟಿ ಬಂದ ಹೊಗೆಯನ್ನು. ಗಟ್ಟಿಮುಟ್ಟಾದ ಕನ್ವರ್ಟರ್ ಸಣ್ಣ ದೋಷವನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಪಾಸಾಯಿತೆಂದು ಸುಮ್ಮನಿರಲಾಗದು. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಿಗೆ ಮಾತ್ರ ಇದೇ ಒಳ್ಳೆಯ ಸಾಧನ; ಮೀಟರ್ ನೋಡುತ್ತಲೇ ಮಿಕ್ಸ್ಚರ್ ಸ್ಕ್ರೂ ಹೊಂದಿಸಬಹುದು.

ರಿಪೇರಿಯನ್ನು ಮುಂದೂಡಬೇಡಿ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ರಿಂಗ್ ಸವೆಸುತ್ತದೆ, ಉರಿಯದೆ ಹೊರಬಿದ್ದದ್ದು ಕನ್ವರ್ಟರ್‌ನಲ್ಲಿ ಉರಿದು ಅದನ್ನು ಕರಗಿಸುತ್ತದೆ. ದೋಷ ಸರಿಮಾಡಿದ ಮೇಲೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಮಟ್ಟ ಏರಿದ್ದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಬದಲಿಸದಿದ್ದರೆ ಆ ಆವಿ ಪಿಸಿವಿ ಹೋಸಿನ (ಆಯಿಲ್ ಆವಿಯನ್ನು ಹಿಂತಿರುಗಿಸುವ ಕೊಳವೆ) ಮೂಲಕ ಎಂಜಿನ್ನಿಗೇ ಮರಳಿ, ಟ್ರಿಮ್ ಮತ್ತೆ ಮೈನಸ್ ತೋರಿಸುತ್ತದೆ.