ಒಂದೇ ದತ್ತಾಂಶ, ಐದು ತಂತ್ರಾಂಶ: ಜೋಡಿ ಮತ್ತು ಸ್ವತಂತ್ರ ಮಾದರಿಗಳ ಸರಾಸರಿಯ ಹೋಲಿಕೆ

ಎರಡು ಮಾದರಿಗಳ ಸರಾಸರಿಯನ್ನು ಹೋಲಿಸಲು ಯಾವ ತಂತ್ರಾಂಶ ಹೆಚ್ಚು ಭರವಸೆಯದು ಎಂದು ತಿಳಿಯಲು ಆರ್, ಪೈಥಾನ್‌ನ ಸೈಪೈ, ಎಕ್ಸೆಲ್, ಎಸ್‌ಪಿಎಸ್‌ಎಸ್ ಮತ್ತು ಜಮೋವಿ ಎಂಬ ಐದರಲ್ಲೂ ಒಂದೇ ದತ್ತಾಂಶವನ್ನು ಹಾಕಿ ನೋಡಿದೆ. ಆರಿಸಿಕೊಂಡದ್ದು ಹಳೆಯ, ಆದರೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುವ ದತ್ತಾಂಶ. ಹತ್ತು ರೋಗಿಗಳಿಗೆ ನಿದ್ರೆಯ ಔಷಧಗಳನ್ನು ಕೊಟ್ಟು, ಪ್ರತಿಯೊಂದರಿಂದ ಎಷ್ಟು ಗಂಟೆ ಹೆಚ್ಚು ನಿದ್ರೆ ಬಂತು ಎಂಬುದನ್ನು ಕುಶ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ್ದರು. ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್ 1908ರಲ್ಲಿ ಟಿ-ಪರೀಕ್ಷೆಗೆ ತಳಹದಿಯಾದ ಪ್ರಬಂಧದಲ್ಲಿ ಅದರಲ್ಲಿನ ಎರಡು ಔಷಧಗಳ ಅಂಕಿಗಳನ್ನೇ ಉದಾಹರಣೆಯಾಗಿ ಬಳಸಿದರು. ಆರ್‌ನಲ್ಲಿ ಇದು ‘ಸ್ಲೀಪ್’ ಎಂಬ ಹೆಸರಿನಲ್ಲಿ ಮೊದಲೇ ಅಡಕವಾಗಿದೆ.

ಮೊದಲ ಔಷಧದ ಸರಾಸರಿ 0.75 ಗಂಟೆ, ಎರಡನೆಯದರದು 2.33 ಗಂಟೆ, ವ್ಯತ್ಯಾಸ 1.58. ಎರಡೂ ಗುಂಪುಗಳಲ್ಲಿ ಬೇರೆ ಬೇರೆ ಜನರಿದ್ದಾರೆಂದು ಭಾವಿಸಿ ಸ್ವತಂತ್ರ ಮಾದರಿಗಳ ಪರೀಕ್ಷೆ ನಡೆಸಿದರೆ ಟಿ-ಮೌಲ್ಯ 1.86 ಬರುತ್ತದೆ, ಪಿ-ಮೌಲ್ಯ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವನೀಯತೆ) 0.079. ಇದ್ದವರು ಅದೇ ಹತ್ತು ಜನ ಎಂಬ ಸತ್ಯವನ್ನು ಒಪ್ಪಿ ಜೋಡಿ ಪರೀಕ್ಷೆ ನಡೆಸಿದರೆ ಟಿ-ಮೌಲ್ಯ 4.06ಕ್ಕೆ ಏರುತ್ತದೆ, ಪಿ-ಮೌಲ್ಯ 0.0028ಕ್ಕೆ ಇಳಿಯುತ್ತದೆ. ಟಿ-ಮೌಲ್ಯವೆಂದರೆ ಸರಾಸರಿಗಳ ವ್ಯತ್ಯಾಸವನ್ನು ಅದರ ಮಾನಕ ದೋಷದಿಂದ, ಅಂದರೆ ಅದರ ಅನಿಶ್ಚಿತತೆಯ ಅಳತೆಯಿಂದ, ಭಾಗಿಸಿದ್ದು. ಅಂಶದಲ್ಲಿರುವ 1.58 ಬದಲಾಗಿಲ್ಲ, ಬದಲಾದದ್ದು ಛೇದ. ಒಂದು ಔಷಧಕ್ಕೆ ಚೆನ್ನಾಗಿ ನಿದ್ರಿಸಿದವರು ಇನ್ನೊಂದಕ್ಕೂ ಬಹುಮಟ್ಟಿಗೆ ಹಾಗೆಯೇ ನಿದ್ರಿಸಿದ್ದರಿಂದ ಎರಡು ಔಷಧಗಳ ಅಂಕಿಗಳ ನಡುವಿನ ಸಹಸಂಬಂಧ ಸುಮಾರು 0.8 ಇದೆ, ಮತ್ತು ಒಬ್ಬೊಬ್ಬರಲ್ಲೇ ವ್ಯತ್ಯಾಸವನ್ನು ತೆಗೆದಾಗ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಏರಿಳಿತ ಕಳೆದುಹೋಗಿ ಮಾನಕ ದೋಷ 0.85ರಿಂದ 0.39ಕ್ಕೆ ಕುಗ್ಗುತ್ತದೆ. ಐದೂ ತಂತ್ರಾಂಶಗಳು ಈ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತವೆ. ಆದ್ದರಿಂದ ನನ್ನ ಹೋಲಿಕೆಯ ಅಳತೆಗೋಲು ಲೆಕ್ಕದ ನಿಖರತೆಯಲ್ಲ. ಬಳಸುವವರು ತಪ್ಪು ಪರೀಕ್ಷೆಯನ್ನು ಕೇಳಿದಾಗ ತಂತ್ರಾಂಶ ಅವರನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂಬುದು.

ಈ ಅಳತೆಯಲ್ಲಿ ಎಕ್ಸೆಲ್ ಕೊನೆಯ ಸ್ಥಾನದಲ್ಲಿದೆ. ಅದರ ‘ಟಿ.ಟೆಸ್ಟ್’ ಸೂತ್ರದ ಕೊನೆಯಲ್ಲಿ ಒಂದು ಅಂಕಿ ಬರೆಯಬೇಕು: 1 ಎಂದರೆ ಜೋಡಿ, 2 ಎಂದರೆ ಸಮಾನ ಪ್ರಸರಣದ (ಅಂಕಿಗಳ ಹರಡುವಿಕೆ ಒಂದೇ ಆಗಿರುವ) ಸ್ವತಂತ್ರ ಮಾದರಿಗಳು, 3 ಎಂದರೆ ಅಸಮಾನ ಪ್ರಸರಣದವು. 1ರ ಬದಲು 2 ಒತ್ತಿದರೆ 0.0028 ಇರಬೇಕಾದ ಕೋಶದಲ್ಲಿ 0.079 ಕಾಣುತ್ತದೆ, ಅಷ್ಟೆ. ಟಿ-ಮೌಲ್ಯವಿಲ್ಲ, ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಇಲ್ಲ, ಯಾವ ಪರೀಕ್ಷೆ ನಡೆಯಿತೆಂಬ ಒಂದು ಪದವೂ ಇಲ್ಲ. ಜೊತೆಗೆ ಬರುವ ಅನಾಲಿಸಿಸ್ ಟೂಲ್‌ಪ್ಯಾಕ್ ಹೆಚ್ಚು ವಿವರ ಕೊಡುತ್ತದೆಯಾದರೂ ಅದರಲ್ಲಿಯೂ ವ್ಯತ್ಯಾಸದ ವಿಶ್ವಾಸಾಂತರ ಸಿಗುವುದಿಲ್ಲ, ಮತ್ತು ಅಸಮಾನ ಪ್ರಸರಣದ ಪರೀಕ್ಷೆಯಲ್ಲಿ ಅದು ಪಿ-ಮೌಲ್ಯದ ಲೆಕ್ಕಕ್ಕೆ ಬೇಕಾದ ಸ್ವಾತಂತ್ರ್ಯದ ಮಟ್ಟವನ್ನು (ಡಿಗ್ರೀಸ್ ಆಫ್ ಫ್ರೀಡಂ) 17.78ರಿಂದ 18ಕ್ಕೆ ಪೂರ್ಣಾಂಕ ಮಾಡುತ್ತದೆ.

ಸೈಪೈಯಲ್ಲಿ ಎರಡು ಪರೀಕ್ಷೆಗಳಿಗೆ ಎರಡು ಬೇರೆ ಹೆಸರಿನ ಆಜ್ಞೆಗಳಿವೆ, ‘ಟಿಟೆಸ್ಟ್_ಇಂಡ್’ ಮತ್ತು ‘ಟಿಟೆಸ್ಟ್_ರೆಲ್’. ಇದು ನನಗೆ ತುಂಬಾ ಮೆಚ್ಚುಗೆಯಾದ ಸಂಗತಿ, ಏಕೆಂದರೆ ಬರೆದವರು ಏನನ್ನು ಉದ್ದೇಶಿಸಿದ್ದರೆಂಬುದು ಹೆಸರಿನಲ್ಲೇ ಉಳಿಯುತ್ತದೆ. ಆದರೆ ಮೊದಲನೆಯದು ನಾವು ಏನೂ ಹೇಳದಿದ್ದಾಗ ಎರಡೂ ಗುಂಪುಗಳ ಪ್ರಸರಣ ಸಮಾನವೆಂದು ಊಹಿಸಿಕೊಳ್ಳುತ್ತದೆ. ಆರ್ ಅದೇ ಸಂದರ್ಭದಲ್ಲಿ ಹಾಗೆ ಊಹಿಸದ ವೆಲ್ಚ್ ಪರೀಕ್ಷೆಯನ್ನು ಆರಿಸುತ್ತದೆ. ನಿದ್ರೆಯ ದತ್ತಾಂಶದಲ್ಲಿ ಪಿ-ಮೌಲ್ಯದ ಈ ಭೇದ 0.0792 ಮತ್ತು 0.0794ರ ನಡುವಿನಷ್ಟೇ ಅಲ್ಪವಾದದ್ದು. ಗುಂಪುಗಳ ಗಾತ್ರವೂ ಪ್ರಸರಣವೂ ಅಸಮಾನವಾಗಿರುವಲ್ಲಿ ಅದು ತೀರ್ಮಾನವನ್ನೇ ತಿರುಗಿಸಬಲ್ಲದು, ಹಾಗಾಗಿ ಆರ್‌ನ ಆಯ್ಕೆಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಸ್‌ಪಿಎಸ್‌ಎಸ್ ಸಮಾನ ಮತ್ತು ಅಸಮಾನ ಪ್ರಸರಣದ ಎರಡೂ ಫಲಿತಾಂಶಗಳನ್ನು ಒಂದರ ಕೆಳಗೊಂದು ಸಾಲಿನಲ್ಲಿ ತೋರಿಸಿ, ಜೊತೆಗೆ ಪ್ರಸರಣಗಳು ಸಮಾನವೇ ಎಂದು ನೋಡುವ ಲೆವಿನ್ ಪರೀಕ್ಷೆಯನ್ನೂ ಇಡುತ್ತದೆ. ಜಮೋವಿ ಉಚಿತ, ಒಳಗೆ ಓಡುವುದು ಆರ್. ವೆಲ್ಚ್ ಬೇಕಾದರೆ ಒಂದು ಚೌಕಕ್ಕೆ ಗುರುತು ಹಾಕಬೇಕು. ಇವೆರಡರಲ್ಲೂ ಒಂದು ಅನಿರೀಕ್ಷಿತ ರಕ್ಷಣೆಯಿದೆ: ಸ್ವತಂತ್ರ ಪರೀಕ್ಷೆಗೆ ಅಳತೆಗಳೆಲ್ಲ ಒಂದೇ ಕಂಬಸಾಲಿನಲ್ಲಿದ್ದು ಗುಂಪಿನ ಹೆಸರು ಇನ್ನೊಂದರಲ್ಲಿರಬೇಕು, ಜೋಡಿ ಪರೀಕ್ಷೆಗೆ ಎರಡು ಅಳತೆಗಳು ಅಕ್ಕಪಕ್ಕದ ಕಂಬಸಾಲುಗಳಲ್ಲಿರಬೇಕು. ಹೀಗಾಗಿ ಕಡತವನ್ನು ಮರುಜೋಡಿಸದೆ ಒಂದರಿಂದ ಇನ್ನೊಂದಕ್ಕೆ ಜಾರಲಾಗದು.

ಆದರೂ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಎರಡು ಅಂಕಿಗಳು ಒಬ್ಬರವೇ ಆಗಿಬಿಡುವುದಿಲ್ಲ. ಇದನ್ನು ಪರೀಕ್ಷಿಸಲು ಎರಡನೆಯ ಔಷಧದ ಅಂಕಿಗಳನ್ನು ಮಾತ್ರ ಏರಿಕೆಯ ಕ್ರಮದಲ್ಲಿ ಜೋಡಿಸಿ, ಮೊದಲನೆಯದನ್ನು ಮುಟ್ಟದೆ, ಜೋಡಿ ಪರೀಕ್ಷೆಯನ್ನು ಮತ್ತೆ ನಡೆಸಿದೆ. ಸರಾಸರಿಗಳು ಕದಲಲಿಲ್ಲ; ಟಿ-ಮೌಲ್ಯ ಮಾತ್ರ 4.06ರಿಂದ 2.48ಕ್ಕೆ ಬಿತ್ತು. ಬಳಿಕ ಎರಡನ್ನೂ ಪ್ರತ್ಯೇಕವಾಗಿ ಏರಿಕೆಯ ಕ್ರಮಕ್ಕೆ ತಂದೆ. ಟಿ-ಮೌಲ್ಯ 9.27ಕ್ಕೆ ಜಿಗಿಯಿತು! ಯಾರ ನಿದ್ರೆ ಯಾರದೆಂಬ ಮಾಹಿತಿ ಸಂಪೂರ್ಣ ನಾಶವಾದ ಮೇಲೆ ಫಲಿತಾಂಶ ಹಿಂದೆಂದಿಗಿಂತ ಪ್ರಬಲವಾಗಿ ಕಾಣುತ್ತಿತ್ತು, ಮತ್ತು ಅಕ್ಕಪಕ್ಕದ ಕಂಬಸಾಲುಗಳನ್ನಷ್ಟೇ ಕೊಟ್ಟಾಗ ಐದರಲ್ಲಿ ಒಂದು ತಂತ್ರಾಂಶವೂ ಎಚ್ಚರಿಸಲಿಲ್ಲ. ಎಚ್ಚರಿಸಲು ಅವುಗಳ ಬಳಿ ಆಧಾರವೂ ಇರಲಿಲ್ಲ, ಏಕೆಂದರೆ ವ್ಯಕ್ತಿಯ ಕ್ರಮಸಂಖ್ಯೆಯನ್ನು ನಾನು ಕೊಟ್ಟೇ ಇರಲಿಲ್ಲ.

ಈ ವಿಷಯದಲ್ಲಿ ಆರ್ ಒಂದು ಹೆಜ್ಜೆ ಮುಂದೆ ಹೋಗಿದೆ. ಅಳತೆ ಮತ್ತು ಗುಂಪನ್ನು ಸೂತ್ರವಾಗಿ ಬರೆದು ‘ಪೇರ್ಡ್’ ಎಂದು ಸೇರಿಸುವ ಹಳೆಯ ರೂಢಿ ಸಾಲುಗಳ ಕ್ರಮವನ್ನೇ ನಂಬಿಕೊಂಡಿತ್ತು, 2024ರ 4.4.0 ಆವೃತ್ತಿಯಿಂದ ಆರ್ ಅದನ್ನು ದೋಷವೆಂದು ತಿರಸ್ಕರಿಸುತ್ತದೆ. ಹಳೆಯ ಆಜ್ಞೆಗಳು ಹಠಾತ್ತನೆ ನಿಂತಾಗ ಬೇಸರವಾಗುವುದು ನಿಜ, ಆದರೆ ಕ್ರಮಸಂಖ್ಯೆಯ ಆಧಾರದ ಮೇಲೆ ದತ್ತಾಂಶವನ್ನು ಅಗಲರೂಪಕ್ಕೆ (ಒಬ್ಬರಿಗೆ ಒಂದೇ ಸಾಲು ಇರುವಂತೆ) ತಂದು, ‘ಪೇರ್’ ಎಂಬುದರೊಳಗೆ ಎರಡು ಕಂಬಸಾಲುಗಳನ್ನು ಹೆಸರಿಸಿ ಬರೆಯುವ ಹೊಸ ಕ್ರಮದಲ್ಲಿ ನಾನು ಮೇಲೆ ಮಾಡಿದಂಥ ತಪ್ಪು ನುಸುಳುವುದು ಕಷ್ಟ. ಅಳತೆಗಳನ್ನು ದಾಖಲಿಸಲು ಎಕ್ಸೆಲ್ ಅನ್ನು ಈಗಲೂ ಬಳಸುತ್ತೇನೆ, ಆದರೆ ಪ್ರತಿ ಸಾಲಿನ ಮೊದಲಿಗೆ ಕ್ರಮಸಂಖ್ಯೆ ಬರೆಯದೆ ಒಂದು ಅಂಕಿಯನ್ನೂ ತುಂಬುವುದಿಲ್ಲ. ಪರೀಕ್ಷೆಯನ್ನು ಆರ್‌ನಲ್ಲಿ ನಡೆಸುತ್ತೇನೆ, ಆಜ್ಞೆ ಬರೆಯಲು ಹಿಂಜರಿಯುವವರಿಗೆ ಜಮೋವಿ ತೋರಿಸುತ್ತೇನೆ.