ಎತ್ತರದ ಲಗ್ ಹಾಕಿಸಿಕೊಂಡು ಮಂಜುಗಡ್ಡೆಗೆ ಇಳಿಯಬೇಡಿ

ಸ್ನೋಮೊಬೈಲ್‌ಗೆ, ಅಂದರೆ ಮುಂದೆ ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟಿ (ಟ್ರ್ಯಾಕ್) ಇರುವ ಹಿಮದ ಗಾಡಿಗೆ, ಹೊಸ ಟ್ರ್ಯಾಕ್ ಹಾಕಿಸಬೇಕೆಂದು ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಎಡ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿಸಿ ಮೂರು ವಾರವಾಯಿತು, ಈಗಲೂ ಮುಷ್ಟಿ ಬಿಗಿಯಾಗಿ ಹಿಡಿಯಲು ಆಗುವುದಿಲ್ಲ. ಮುರಿದದ್ದು ನನ್ನ ಕೈ ಮಾತ್ರ ಎಂದು ದಿನವೂ ದೇವರಿಗೆ ಕೈಮುಗಿಯುತ್ತೇನೆ. ಏಕೆಂದರೆ ಹತ್ತು ಅಡಿ ಆಚೆ ನನ್ನ ತಮ್ಮ ನಿಂತಿದ್ದ.

ನನ್ನ ಗಾಡಿಯಲ್ಲಿ ಮೊದಲು ಇದ್ದದ್ದು 137 ಇಂಚು ಉದ್ದ, 15 ಇಂಚು ಅಗಲದ ಟ್ರ್ಯಾಕ್. ಲಗ್, ಅಂದರೆ ರಬ್ಬರ್ ಪಟ್ಟಿಯ ಮೇಲೆ ಎದ್ದು ನಿಂತ ಹಲ್ಲುಗಳು, ಒಂದೂಕಾಲು ಇಂಚು ಎತ್ತರ. ಕಾರ್ಬೈಡ್ ಎಂಬ ಗಟ್ಟಿ ಲೋಹದ ತುದಿಯ ಸ್ಟಡ್‌ಗಳನ್ನೂ, ಅಂದರೆ ಮಂಜುಗಡ್ಡೆಯನ್ನು ಚುಚ್ಚಿ ಹಿಡಿಯುವ ಮೊಳೆಗಳನ್ನೂ, ಹಾಕಿಸಿದ್ದೆ. ನಾಲ್ಕು ಚಳಿಗಾಲ ಒಂದು ತಕರಾರಿಲ್ಲದೆ ಓಡಿತು. ಐದನೆಯ ಚಳಿಗಾಲ ಒಮ್ಮೆ ಭಾರಿ ಹಿಮ ಬಿದ್ದ ಮರುದಿನ ದಾರಿ ಬಿಟ್ಟು ಕಾಡಿನಂಚಿಗೆ ಹೋದೆ. ಸೊಂಟದವರೆಗೆ ಪುಡಿ ಹಿಮ. ಗಿಡ್ಡ ಲಗ್ ಆ ಹಿಮವನ್ನು ಹಿಂದಕ್ಕೆ ತಳ್ಳಿ ಮೇಲೆದ್ದು ಹೋಗುವ ಬದಲು ನಿಂತಲ್ಲೇ ಗುಂಡಿ ತೋಡಿಕೊಂಡಿತು. ಅರ್ಧ ದಿನ ಸಲಿಕೆ ಹಿಡಿದು ಗಾಡಿ ಎಳೆದು ಹಾಕಿದೆವು.

ಆ ಒಂದು ದಿನದ ಬೇಸರದಲ್ಲಿ ಟ್ರ್ಯಾಕ್ ಬದಲಿಸಲು ಹೊರಟೆ. ಅಂಗಡಿಯವರು ಎರಡು ಇಂಚು ಲಗ್ ಇರುವುದನ್ನು ತೋರಿಸಿ, “ಇದೊಂದು ಹಾಕಿಸಿಬಿಡಿ ಸಾರ್, ಎಲ್ಲ ಹಿಮಕ್ಕೂ ಆಗುತ್ತೆ” ಅಂದರು. ನಾನು ಹೆಚ್ಚಾಗಿ ಎಲ್ಲಿ ಓಡಿಸುತ್ತೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹತ್ತು ಸಲ ಹೊರಟರೆ ಎಂಟು ಸಲ ನಾನು ಹೋಗುವುದು ಯಂತ್ರದಿಂದ ಒತ್ತಿ ಸಮ ಮಾಡಿದ ಗಟ್ಟಿ ದಾರಿಯಲ್ಲಿ, ಆಮೇಲೆ ಹೆಪ್ಪುಗಟ್ಟಿದ ಸರೋವರದ ಮೇಲೆ.

ಮೊದಲ ಎರಡು ವಾರ ಹೊಸ ಹಿಮದಲ್ಲಿ ಗಾಡಿ ತೇಲಿಕೊಂಡು ಹೋಯಿತು. ತುಂಬಾ ಖುಷಿಪಟ್ಟೆ. ಆಮೇಲೆ ಎರಡು ದಿನ ಬಿಸಿಲು ಬಂದು ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿತು. ಸರೋವರದ ಮೇಲೆ ಪುಡಿ ಹಿಮವೇ ಉಳಿದಿರಲಿಲ್ಲ, ಬರೀ ಗಾಜಿನಂಥ ಮಂಜುಗಡ್ಡೆ. ತಮ್ಮ ಅವನ ಗಾಡಿಯಲ್ಲಿ ಮುಂದೆ, ನಾನು ಹಿಂದೆ. ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾದ ದೀಪ ಹತ್ತಿತು. ನನ್ನಂಥ ಗಾಡಿಗಳಲ್ಲಿ ಕೂಲರ್ ಇರುವುದು ಟ್ರ್ಯಾಕ್‌ನ ಮೇಲ್ಭಾಗದ ಟನಲ್ ಎಂಬ ಲೋಹದ ಹೊದಿಕೆಯಲ್ಲಿ. ಟ್ರ್ಯಾಕ್ ಎರಚುವ ಹಿಮವೇ ಅದನ್ನು ತಣ್ಣಗಿಡಬೇಕು. ಟ್ರ್ಯಾಕ್ ಜಾರಿ ಓಡುವ ಪ್ಲಾಸ್ಟಿಕ್ ಸ್ಲೈಡ್‌ಗಳಿಗೂ ಆ ಹಿಮವೇ ಎಣ್ಣೆ. ಎರಚಲು ಹಿಮವೇ ಇಲ್ಲದಿದ್ದರೆ ಎರಡೂ ಸುಡುತ್ತವೆ. ಸುಟ್ಟ ಪ್ಲಾಸ್ಟಿಕ್‌ನ ವಾಸನೆ ಹೆಲ್ಮೆಟ್ ಒಳಗೂ ಬಂತು. ದಡದ ಬಳಿಯ ಮೆತ್ತನೆ ಹಿಮಕ್ಕೆ ಗಾಡಿ ನುಗ್ಗಿಸಿ ತಣಿಸಿಕೊಂಡು ಮತ್ತೆ ಹೊರಟೆ. ಅಲ್ಲಿಂದಲೇ ವಾಪಸ್ ತಿರುಗಬೇಕಿತ್ತು.

ಮುಂದೆ ಮಂಜುಗಡ್ಡೆಯಲ್ಲಿ ಬಿರುಕು ಕಂಡು ತಮ್ಮ ಗಾಡಿ ನಿಲ್ಲಿಸಿ, ಇಳಿದು ನೋಡುತ್ತಿದ್ದ. ನನ್ನ ವೇಗ ಗಂಟೆಗೆ 50 ಕಿಲೋಮೀಟರ್ ಇದ್ದೀತು. ಸಾಕಷ್ಟು ದೂರದಿಂದಲೇ ಬ್ರೇಕ್ ಹಿಡಿದೆ. ಟ್ರ್ಯಾಕ್ ತಟ್ಟನೆ ನಿಂತಿತು, ಗಾಡಿ ನಿಲ್ಲಲಿಲ್ಲ. ಎಂಜಿನ್ ಸದ್ದೂ ಇಲ್ಲದೆ ಸುಮ್ಮನೆ ಜಾರುತ್ತಾ ಹೋಗುವುದಿದೆಯಲ್ಲ, ಆ ನಿಶ್ಶಬ್ದ ಈಗಲೂ ನಿದ್ದೆಯಲ್ಲಿ ಬರುತ್ತದೆ. ಬ್ರೇಕ್ ಬಿಟ್ಟು ಮತ್ತೆ ಹಿಡಿದೆ, ಅದೇ ಕತೆ. ಹ್ಯಾಂಡಲ್ ಪೂರ್ತಿ ತಿರುಗಿಸಿದೆ. ಸ್ಕೀಗಳು ತಿರುಗಿದವು, ಗಾಡಿ ಮಾತ್ರ ನೆಟ್ಟಗೆ ಹೋಗುತ್ತಿತ್ತು. ಕೊನೆಗೆ ಹಿಂಭಾಗ ಸರ್ರನೆ ತಿರುಗಿ, ತಮ್ಮನ ಪಕ್ಕದಿಂದ ದಾಟಿ ದಡದ ದಿಬ್ಬಕ್ಕೆ ಅಡ್ಡಡ್ಡ ಬಡಿಯಿತು. ನನ್ನ ಕೈ ಹ್ಯಾಂಡಲ್‌ಗೂ ದಿಬ್ಬಕ್ಕೂ ನಡುವೆ ಸಿಕ್ಕಿತ್ತು. ಓಡಿ ಬಂದ ತಮ್ಮ ಮೊದಲು ಕೇಳಿದ್ದು, “ಅಣ್ಣಾ, ಬ್ರೇಕ್ ಹಿಡಿದ್ಯೋ ಇಲ್ವೋ?” ಅಂತ.

ಹಿಡಿದಿದ್ದೆ. ಬ್ರೇಕ್ ಸರಿಯಾಗಿಯೇ ಕೆಲಸ ಮಾಡಿತ್ತು. ಸ್ನೋಮೊಬೈಲ್‌ನಲ್ಲಿ ಬ್ರೇಕ್ ನಿಲ್ಲಿಸುವುದು ಟ್ರ್ಯಾಕನ್ನು, ಗಾಡಿಯನ್ನು ನಿಲ್ಲಿಸಬೇಕಾದದ್ದು ಟ್ರ್ಯಾಕ್. ಮೆತ್ತನೆ ಹಿಮದಲ್ಲಿ ಎತ್ತರದ ಲಗ್ ಆಳಕ್ಕೆ ಇಳಿದು ಹಿಡಿಯುತ್ತದೆ. ಮಂಜುಗಡ್ಡೆಗೆ ಅದು ಇಳಿಯುವುದಾದರೂ ಹೇಗೆ? ಸ್ಟಡ್ ಇಲ್ಲದ ಎರಡು ಇಂಚಿನ ರಬ್ಬರ್ ತುದಿ ಬಾಗಿ ಮಲಗುತ್ತದೆ, ಅದರ ಮೇಲೆ ಗಾಡಿ ಜಾರುತ್ತದೆ. ಟ್ರ್ಯಾಕ್ ಕೊಳ್ಳುವಾಗ ನಾವೆಲ್ಲ ಎಷ್ಟು ಎಳೆಯುತ್ತದೆ, ಎಷ್ಟು ತೇಲುತ್ತದೆ ಎಂದು ಕೇಳುತ್ತೇವೆ. ನಿಲ್ಲುತ್ತದೆಯೇ ಎಂದು ಕೇಳಬೇಕೆಂದು ನನಗಂತೂ ಹೊಳೆದಿರಲಿಲ್ಲ.

ಗಾಡಿ ಮನೆಗೆ ಬಂದ ಮೇಲೆ ತಮ್ಮ ಅದನ್ನು ಪಕ್ಕಕ್ಕೆ ವಾಲಿಸಿ ಟಾರ್ಚ್ ಬಿಟ್ಟು ತೋರಿಸಿದ. ಕೆಲವೇ ವಾರದ ಟ್ರ್ಯಾಕ್, ಆಗಲೇ ಎರಡು ಸಾಲಿನಲ್ಲಿ ಲಗ್‌ನ ತುದಿ ಹರಿದು ಹೋಗಿತ್ತು. ಒಂದು ಲಗ್ಗನ್ನು ಬೆರಳಿನಿಂದ ಬಾಗಿಸಿದರೆ ಬುಡದಲ್ಲಿ ಕೂದಲೆಳೆಯಂಥ ಸೀಳು ಬಾಯಿ ಬಿಡುತ್ತಿತ್ತು. ಗಟ್ಟಿ ನೆಲದಲ್ಲಿ ಓಡಿದರೆ ಎತ್ತರದ ಲಗ್ ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯಾಗಿ ಹೀಗೆ ಹರಿಯುತ್ತದಂತೆ. ಮುಂದಿನ ಕೂಲರ್‌ನ ಅಲ್ಯೂಮಿನಿಯಂ ಮೇಲೆ ಬೆರಳಗಲದ ಹೊಳೆಯುವ ಗೀರು ಬೇರೆ. ಲಗ್ ಮೊದಲಿಗಿಂತ ಮುಕ್ಕಾಲು ಇಂಚು ಎತ್ತರವಾದದ್ದಕ್ಕೆ ಒಳಗೆ ಜಾಗ ಸಾಲದೆ ಉಜ್ಜುತ್ತಿತ್ತು. ಜಾಗ ಅಳೆದು, ಬೇಕಿದ್ದರೆ ಟ್ರ್ಯಾಕನ್ನು ತಿರುಗಿಸುವ ಹಲ್ಲುಚಕ್ರವನ್ನು, ಅಂದರೆ ಸ್ಪ್ರಾಕೆಟನ್ನು, ಒಂದು ಹಲ್ಲು ಕಡಿಮೆ ಇರುವುದು ಹಾಕಬೇಕಿತ್ತು. ಅಂಗಡಿಯಲ್ಲಿ ಯಾರೂ ಅಳೆದಿರಲಿಲ್ಲ.

ನೀವು ಹೆಚ್ಚು ಓಡಿಸುವುದು ಒತ್ತಿದ ದಾರಿಯಲ್ಲಾದರೆ ಒಂದರಿಂದ ಒಂದೂಕಾಲು ಇಂಚು ಲಗ್ ಸಾಕು. ಅದಕ್ಕಿಂತ ದೊಡ್ಡದನ್ನು ಯಾರೇ ಹೊಗಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಧ ದಾರಿ, ಅರ್ಧ ಬಯಲು ಅನ್ನುವವರಿಗೆ ಒಂದೂವರೆ ಇಂಚಿನ ಆಸುಪಾಸು. ಎರಡೂಕಾಲರಿಂದ ಮೂರು ಇಂಚಿನವು ಬೆಟ್ಟದ ಆಳವಾದ ಪುಡಿ ಹಿಮಕ್ಕೆ, ಅದೂ 154 ಇಂಚು ಅಥವಾ ಅದಕ್ಕಿಂತ ಉದ್ದದ ಟ್ರ್ಯಾಕ್‌ನಲ್ಲಿ. ಉದ್ದವಿದ್ದಷ್ಟೂ ಭಾರ ಹಂಚಿಹೋಗಿ ಗಾಡಿ ತೇಲುತ್ತದೆ, ಆದರೆ ಗಟ್ಟಿ ದಾರಿಯ ತಿರುವಿನಲ್ಲಿ ತಿರುಗಲು ಅಷ್ಟೇ ಮೊಂಡು ಮಾಡುತ್ತದೆ.

ಮಂಜುಗಡ್ಡೆಗೆ ಸ್ಟಡ್ ಬೇಕೇ ಬೇಕು. ಆದರೆ ಎರಡು ಇಂಚಿನ ಟ್ರ್ಯಾಕ್‌ಗೂ ಸ್ಟಡ್ ಹೊಡೆಸಿದರಾಯಿತು ಅಂದುಕೊಳ್ಳಬೇಡಿ, ನಾನೂ ಹಾಗೇ ಲೆಕ್ಕ ಹಾಕಿದ್ದೆ. ಸ್ಟಡ್‌ನ ತುದಿ ಲಗ್‌ಗಿಂತ ಕಾಲು ಇಂಚಿನಿಂದ ಮೂರೆಂಟಾಂಶ ಇಂಚು ಮೇಲಿರಬೇಕು. ಅಷ್ಟು ಉದ್ದದ ಸ್ಟಡ್ ಸನ್ನೆಗೋಲಿನಂತೆ ಬಾಗಿ, ರಬ್ಬರನ್ನು ಹರಿದುಕೊಂಡು ಹೊರಬರುತ್ತದೆ. ಒಂದೇ ಪದರದ ಹಗುರ ಟ್ರ್ಯಾಕ್‌ಗಳಿಗಂತೂ ಸ್ಟಡ್ ಹೊಡೆಸಲೇಬಾರದು. ಇನ್ನೊಂದು ಮಾತು: ಹಿಂದೆ ಸ್ಟಡ್ ಹೆಚ್ಚಿಸಿ ಮುಂದೆ ಸ್ಕೀ ಕೆಳಗಿನ ಕಾರ್ಬೈಡ್ ಅಂಚು ಸವೆಯಲು ಬಿಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗುತ್ತದೆ. ಹಿಂಭಾಗ ಹಿಡಿದು ತಳ್ಳುತ್ತದೆ, ಮುಂಭಾಗ ತಿರುಗುವುದಿಲ್ಲ. ಡಾಂಬರು ದಾರಿಗಳಲ್ಲಿ ಸ್ಟಡ್ ನಿಷೇಧಿಸಿರುವ ಪ್ರದೇಶಗಳಿವೆ, ನಿಮ್ಮ ಕಡೆಯ ನಿಯಮ ನೋಡಿಕೊಳ್ಳಿ. ಟ್ರ್ಯಾಕ್‌ನ ಒಳಗಿನ ಹಳಿಗೆ ಕಟ್ಟುವ ಸ್ಕ್ರ್ಯಾಚರ್ ಎಂಬ ಸ್ಪ್ರಿಂಗ್ ಕಡ್ಡಿಗಳು ಮಂಜುಗಡ್ಡೆಯನ್ನು ಕೆರೆದು ಪುಡಿಯನ್ನು ಕೂಲರ್‌ಗೆ ಎರಚುತ್ತವೆ. ನನ್ನ ಗಾಡಿಯಲ್ಲಿ ಅವೂ ಇರಲಿಲ್ಲ.

ಕೊಳ್ಳುವ ಮುನ್ನ ಉದ್ದ, ಅಗಲದ ಜೊತೆಗೆ ಪಿಚ್, ಅಂದರೆ ಟ್ರ್ಯಾಕ್‌ನ ಒಳಬದಿಯ ಹಲ್ಲುಗಳ ನಡುವಿನ ಅಂತರ, ಕೂಡ ಹೊಂದುತ್ತದೆಯೇ ನೋಡಿ. 2.52, 2.86, 3 ಇಂಚು ಹೀಗೆ ಬೇರೆ ಬೇರೆ ಬರುತ್ತವೆ, ಸ್ಪ್ರಾಕೆಟ್‌ಗೆ ಹೊಂದದಿದ್ದರೆ ಆ ಟ್ರ್ಯಾಕ್ ಓಡುವುದೇ ಇಲ್ಲ. ಹೊಸ ಟ್ರ್ಯಾಕ್ ಮೊದಮೊದಲು ಹಿಗ್ಗುತ್ತದೆ, ಒಂದೆರಡು ಓಟವಾದ ಮೇಲೆ ಬಿಗಿತ ಮತ್ತೆ ಅಳೆಯಿಸಿ.

ಹಳೆಯ ಒಂದೂಕಾಲು ಇಂಚಿನದನ್ನೇ ತಮ್ಮ ಮತ್ತೆ ಹಾಕಿಕೊಟ್ಟಿದ್ದಾನೆ. ತೆಗೆದಿಟ್ಟ ಟ್ರ್ಯಾಕನ್ನು ನಿನ್ನೆ ಒಬ್ಬರು ನೋಡಲು ಬಂದಿದ್ದರು, ಹರಿದ ಸಾಲುಗಳನ್ನು ಕಂಡ ಮೇಲೂ ಬೇಕು ಅಂದರು. ಎಲ್ಲಿ ಓಡಿಸುತ್ತೀರಿ ಎಂದು ಕೇಳಿದೆ. ಸರೋವರದ ಆಚೆ ದಡದಲ್ಲಿ ಮನೆ, ದಿನವೂ ದಾಟಬೇಕು ಅಂದರು. ಕೊಡುವುದಿಲ್ಲ ಎಂದು ಹೇಳಿ ಕಳುಹಿಸಿದೆ.